ಹಳೇ ಲೈಟ್‌ಸ್ಕ್ರೈಬ್ ಡ್ರೈವ್ ರಿಪೇರಿ ಮಾಡಿ ಸೋಬಾನ ಪದದ ಸಿಡಿ ಮ್ಯಾಲೆ ಲೇಸರ್‌ಲೇ ಹೆಸರು ಬರಸಿದ್ದು

ಕಾಕಾ 80ರ ದಶಕದಾಗ ಗದಗ ಕಡೆ ನಮ್ಮ ಹಳ್ಳಿಯೊಳಗ ಟೇಪ್‌ರೆಕಾರ್ಡರ್ ಇಟ್ಟು ತುಂಬಿಸಿಕೊಂಡಿದ್ದ ಕ್ಯಾಸೆಟ್ ಎಲ್ಲಾ ಈಗ ಕಂಪ್ಯೂಟರಿಗೆ ಇಳಿಸಿ ಆಗೇತಿ. ಮದುವಿ ಮನಿ ಸೋಬಾನ ಪದ, ಬೀಸೋ ಪದ, ರಾತ್ರಿ ಕಣದಾಗ ಎತ್ತು ತಿರುಗಿಸ್ಕೊಂತ ಹಾಡೋ ಹಂತಿ ಪದ, ನಡಕ ನಡಕ ಕೂಸು ಅಳೋದು, ನಾಯಿ ಬೊಗಳೋದು ಎಲ್ಲಾ ಅದರಾಗ ಐತಿ. ಉಳಿದಿದ್ದು ಸಿಡಿ ಮಾಡಿ ಮಂದಿಗೆ ಮುಟ್ಟಿಸೋದು. ಈಗಿನ ಕಾಲಕ್ಕ ಸಿಡಿ ಯಾಕಪಾ ಅಂತ ಭಾಳ ಮಂದಿ ಕೇಳ್ತಾರ, ಪೆನ್‌ಡ್ರೈವ್ ಕೊಟ್ರ ಹುಡುಗರು ಅದರಾಗಿಂದು ಅಳಿಸಿ ಸಿನಿಮಾ ತುಂಬ್ತಾವ, ವಾಟ್ಸಾಪಿಗೆ ಹಾಕಿದ್ರ ಫೋನ್ ಬದಲಾಗೋತನಕ ಅಷ್ಟ ಅದರ ಆಯುಷ್ಯ, ಆದ್ರ ಒಮ್ಮೆ ಬರದ ಸಿಡಿ ಅಳಿಸಾಕ ಬರಂಗಿಲ್ಲ ಮತ್ತ ನಮ್ಮ ದೊಡ್ಡವ್ವ, ಅತ್ತಿಗೋಳ ಮನಿಯಾಗ ಟಿವಿ ಕೆಳಗ ಡಿವಿಡಿ ಪ್ಲೇಯರ್ ಇನ್ನೂ ಅದಾವ, ಅವರಿಗೆ ಅದನ್ನ ಹಚ್ಚೋದು ಗೊತ್ತೈತಿ.

ಸಿಡಿ ಬರಿಯೋದು ದೊಡ್ಡ ಮಾತಲ್ಲ. ನನಗ ಚಿಂತಿ ಇದ್ದದ್ದು ಹೆಸರಿಂದು. ಹೆಸರಿಲ್ಲದ ಸಿಡಿ ಯಾರೂ ಹಚ್ಚಂಗಿಲ್ಲ, ಹತ್ತು ವರ್ಷ ಬಿಟ್ಟು ನೋಡಿದ್ರ ಅದು ಗಿಡಕ್ಕ ಕಟ್ಟಿ ಹಕ್ಕಿ ಓಡಿಸಾಕ ಹೋಗಿರತೈತಿ. ಅದಕ್ಕ ಹಾಡಿದವರ ಹೆಸರು, ಊರು, ವರ್ಷ, ಯಾವ ಹಾಡು ಇಷ್ಟು ಡಿಸ್ಕಿನ ಮ್ಯಾಲೇ ಇರಬೇಕು, ಕವರ್ ಮ್ಯಾಲೆ ಇದ್ರ ಸಾಲಂಗಿಲ್ಲ, ಕವರ್ ಒಂದ ಕಡೆ ಡಿಸ್ಕ್ ಒಂದ ಕಡೆ ಆಗೇ ಆಗತೈತಿ.

ಕಾಗದದ ಸ್ಟಿಕ್ಕರ್ ಹಚ್ಚಬಹುದಲ್ಲ ಅಂದ್ರ ಅದು ಬ್ಯಾಡ. ಸ್ಪೀಡ್ ಡ್ರೈವಿನಾಗ ಡಿಸ್ಕ್ ನಿಮಿಷಕ್ಕ ಹೆಚ್ಚುಕಡಿಮಿ 10,000 ಸುತ್ತು ತಿರುಗತೈತಿ, ಸ್ಟಿಕ್ಕರ್ ಒಂದೀಟು ಸೊಟ್ಟ ಕುಂತ್ರೂ ತೂಕ ಒಂದ ಮಗ್ಗಲಕ್ಕ ಆಗಿ ಗಡಗಡ ಅಂತೈತಿ, ಬ್ಯಾಸಗಿಗೆ ಅಂಟು ಸಡಲಾಗಿ ಅಂಚು ಎದ್ದು ಒಳಗ ಸಿಕ್ಕೊಂತೈತಿ, ಕೀಳಾಕ ಹೋದ್ರ ಹಾಡಿನ ಪದರಾನೂ ಸಂಗಟ ಬರತೈತಿ. ಯಾಕಂದ್ರ ಸಿಡಿ ದಪ್ಪ 1.2 ಮಿಲಿಮೀಟರ್, ಅದರಾಗ ಹೆಚ್ಚಿಂದೆಲ್ಲಾ ಪ್ಲಾಸ್ಟಿಕ್, ಹಾಡು ಕುಂತಿರೋದು ಲೇಬಲ್ ಕಡೆ ಮಗ್ಗಲಕ್ಕ, ಅದರ ಮ್ಯಾಲೆ ತೆಳ್ಳಗೊಂದು ವಾರ್ನಿಷ್ ಅಷ್ಟ. ಹೊಳಿಯೋ ಕಡೆ ಗೀರಾದ್ರ ಉಜ್ಜಿ ಸರಿಮಾಡಬಹುದು, ಲೇಬಲ್ ಕಡೆ ಬಾಲ್‌ಪೆನ್ನಿಲೆ ಒತ್ತಿ ಬರದ್ರ ಸಿಡಿ ಹೋತು. ಡಿವಿಡಿಯಾಗ 0.6 ಮಿಲಿಮೀಟರಿನ ಎರಡು ತಟ್ಟಿ ನಡುವ ಡಾಟಾ ಇರತೈತಿ, ಅದು ಈ ವಿಷಯದಾಗ ಗಟ್ಟಿ. ಮೆತ್ತನ ತುದಿಯ ಸಿಡಿ ಮಾರ್ಕರ್ ಇದ್ರ ಏನೂ ಆಗಂಗಿಲ್ಲ, ಖರೇ ಹೇಳಬೇಕಂದ್ರ ಅದ ಎಲ್ಲಾಕಿಂತ ಬಾಳಿಕಿ ಬರೋ ದಾರಿ, ಆದ್ರ ಒಂಬತ್ತು ಮಂದಿ ಹೆಣ್ಮಕ್ಕಳ ಹೆಸರು, ಅವರ ಫೋಟೋ, ಹಾಡಿನ ಪಟ್ಟಿ ಎಲ್ಲಾ ಹತ್ತಿಪ್ಪತ್ತು ಡಿಸ್ಕಿಗೆ ಕೈಲೆ ಬರಿಯೋದು ಆಗದ ಮಾತು.

ಅದಕ್ಕ ಲೈಟ್‌ಸ್ಕ್ರೈಬ್. ಇದು ಎಚ್‌ಪಿ ಕಂಪನಿಯ ಡ್ಯಾರಿಲ್ ಆಂಡರ್ಸನ್ ಅನ್ನೋ ಎಂಜಿನಿಯರ್ ಹುಡುಕಿದ್ದು, 2004ರಾಗ ಕಂಪನಿ ಸುದ್ದಿ ಹೊರಗ ಬಿಟ್ಟಿತು. ಡಿಸ್ಕಿನ ಲೇಬಲ್ ಕಡೆ ಒಂದು ಬಣ್ಣದ ಲೇಪ ಇರತೈತಿ, ಅದರ ಮ್ಯಾಲೆ 780 ನ್ಯಾನೋಮೀಟರ್ ಇನ್‌ಫ್ರಾರೆಡ್ ಲೇಸರ್ ಬಿದ್ರ ಅಲ್ಲಿ ಕಪ್ಪಾಗತೈತಿ. ಆ 780 ಅನ್ನೋದು ಸಿಡಿ ಓದೋ ಲೇಸರಿನ ಅಳತಿನೇ, ಹಂಗಾಗಿ ಡ್ರೈವಿನಾಗ ಇರೋ ಅದ ಲೇಸರ್ ಹಾಡೂ ಬರೀತೈತಿ, ಹೆಸರೂ ಬರೀತೈತಿ. ನಾವು ಮಾಡೋದು ಇಷ್ಟ: ಹಾಡು ಬರದು ಆದ ಮ್ಯಾಲೆ ಡಿಸ್ಕ್ ಬೋರಲ ಹಾಕೋದು, ಲೇಬಲ್ ಕೆಳಗ, ಹೊಳಿಯೋದು ಮ್ಯಾಲೆ. ಇಂಕ್ ಇಲ್ಲ, ಕಾಗದ ಇಲ್ಲ, ತೂಕ ಕೂಡಂಗಿಲ್ಲ, ಕಿತ್ತು ಬರೋದು ಏನೂ ಇಲ್ಲ. ಬಣ್ಣ ಒಂದ, ಕಪ್ಪು ಛಾಯಾದಾಗ ಅಷ್ಟ. ಆದ್ರ ಇದಕ್ಕ ಎರಡೂ ಬೇಕು, ಲೈಟ್‌ಸ್ಕ್ರೈಬ್ ಡ್ರೈವೂ ಬೇಕು, ಲೈಟ್‌ಸ್ಕ್ರೈಬ್ ಡಿಸ್ಕೂ ಬೇಕು, ಒಂದಿದ್ದು ಒಂದಿಲ್ಲಂದ್ರ ಉಪಯೋಗಿಲ್ಲ.

ಡ್ರೈವ್ ಹುಬ್ಬಳ್ಳಿಯಾಗ ಹಳೇ ಕಂಪ್ಯೂಟರ್ ಬಿಚ್ಚಿ ಮಾರೋ ಅಂಗಡಿಯಾಗ ಸಿಕ್ಕತು. ಕೊಪ್ಪಿಕರ ರೋಡಿನ ಆಜುಬಾಜು ಹೊಸ ಮಾಲಿನ ಅಂಗಡಿಯಾಗ ಕೇಳಿದ್ರ ಡಿವಿಡಿ ರೈಟರ್ ಅನ್ನೋದ ಈಗ ಕಮ್ಮಿ, ಅದಕ್ಕ ಗುಜರಿ ಕಡೆ ಹೋಗೋದ ಸರಿ. ಗುರುತು ಹಿಡಿಯೋದು ಹೆಂಗಂದ್ರ ಟ್ರೇ ಮುಖದ ಮ್ಯಾಲೆ ಲೈಟ್‌ಸ್ಕ್ರೈಬ್ ಚಿಹ್ನಿ ಅಚ್ಚಾಗಿರತೈತಿ. ಮುಖ ಬದಲಿ ಆಗಿದ್ರ ಮ್ಯಾಲಿನ ಚೀಟಿ ಓದ್ರಿ, ಉದಾಹರಣೆಗೆ ಎಲ್‌ಜಿಯವರ ಜಿಎಚ್22ಎಲ್‌ಎಸ್30 ಲೈಟ್‌ಸ್ಕ್ರೈಬ್ ಇರೋದು, ಜಿಎಚ್22ಎನ್‌ಎಸ್30 ಇಲ್ಲದ್ದು, ನೋಡಾಕ ಎರಡೂ ಒಂದ ಥರ. ಒಂದ ಅಕ್ಷರದಾಗ ಎಲ್ಲಾ ಐತಿ.

ನನಗ ಸಿಕ್ಕ ಡ್ರೈವಿನ ಟ್ರೇ ತೆರೀತಿರಲಿಲ್ಲ. ಬಟನ್ ಒತ್ತಿದ್ರ ಒಳಗ ಮೋಟಾರ್ ಗುಯ್ ಅಂತಿತ್ತು, ಟ್ರೇ ಅಲ್ಲೇ. ಇಂಥ ಡ್ರೈವ್ ಅಗ್ಗಕ್ಕ ಸಿಗತಾವ ಮತ್ತ ಹತ್ತಕ್ಕ ಎಂಟು ಸಲ ಕಾರಣ ಒಂದ, ರಬ್ಬರ್ ಬೆಲ್ಟ್. ಕಂಪ್ಯೂಟರಿಂದ ಪೂರಾ ಬಿಚ್ಚಿ, ಮುಖದ ಮ್ಯಾಲಿನ ಸಣ್ಣ ತೂತಿನೊಳಗ ಪೇಪರ್ ಕ್ಲಿಪ್ ನೆಟ್ಟಗ ಮಾಡಿ ಒತ್ತಿದ್ರ ಟ್ರೇ ಒಂದ ಬೆರಳಷ್ಟು ಹೊರಗ ಬರತೈತಿ, ಅಲ್ಲಿಂದ ಕೈಲೆ ಎಳಿಬಹುದು. ಟ್ರೇ ಮುಖದ ಪಟ್ಟಿ, ಆಮ್ಯಾಲ ದೊಡ್ಡ ಮುಖ, ಆಮ್ಯಾಲ ಕೆಳಗಿನ ನಾಲ್ಕು ಸ್ಕ್ರೂ ಬಿಚ್ಚಿದ್ರ ತಗಡು ಕೈಗೆ ಬರತೈತಿ. ಟ್ರೇ ಮುಂದಿನ ಭಾಗದಾಗ ಒಂದು ಪುಟ್ಟ ಮೋಟಾರ್, ಅದರಿಂದ ಪಕ್ಕದ ದೊಡ್ಡ ಗಾಲಿಗೆ ಬೆಲ್ಟ್. ಅದನ್ನ ಕಿತ್ತು ಅಂಗೈ ಮ್ಯಾಲೆ ಇಟ್ರ ದುಂಡಗ ನಿಲ್ಲಲಿಲ್ಲ, ಎರಡು ಕಡೆ ಮೂಲಿ ಹಿಡಿದು ಮೊಟ್ಟಿ ಆಕಾರ ಆಗಿತ್ತು, ಒಳಮೈ ಎಣ್ಣಿ ಹಚ್ಚಿದಂಗ ಹೊಳೀತಿತ್ತು.

ಬೆಲ್ಟಿಗೆ ಕಂಪ್ಯೂಟರ್ ಅಂಗಡಿಗೆ ಹೋಗಬ್ಯಾಡ್ರಿ, ನಾನು ಹುಬ್ಬಳ್ಳಿಯ ದುರ್ಗದ ಬೈಲ್ ಕಡೆ ಒಳಗಲ್ಲಿಯೊಳಗ ರೇಡಿಯೋ ಟೇಪ್ ರಿಪೇರಿ ಮಾಡೋ ಹಿರ್ಯಾರೊಬ್ಬರ ಹತ್ರ ಹೋದೆ.

"ಅಣ್ಣಾರ, ಇದಕ್ಕ ಹೊಂದೋದು ಐತೇನ್ರಿ?"

"ಐತೋ ತಮ್ಮಾ. ಇದು ಚೌಕ ಬೆಲ್ಟ್, ಚಪ್ಪಟಿದು ಹಾಕಬ್ಯಾಡ, ದುಂಡಂದೂ ಬ್ಯಾಡ, ಜಾರತೈತಿ. ಹಳೇದು ಹಿಗ್ಗೇತಿ ನೋಡು, ಅದಕ್ಕ ಇದಕ್ಕಿಂತ ಜರಾ ಸಣ್ಣದು ತಗೋ."

ಹಂಗ ಅಂದು ಒಂದು ಡಬ್ಬಿ ಬೆಲ್ಟ್ ಸುರವಿ, ಹಳೇದನ್ನ ಬೆರಳಿಗೆ ಹಾಕಿ, ಹೊಸಾವು ಒಂದೊಂದ ಅದರ ಸಂಗಟ ಎಳದು ನೋಡಿ ಆರಿಸಿಕೊಟ್ರು. ಅಳತಿ ಪಟ್ಟಿ ಇಲ್ಲ, ಏನಿಲ್ಲ, ಕೈಗೇ ಗೊತ್ತಿತ್ತು ಅವರಿಗೆ. ಬೆಲ್ಟ್ ಸಿಗಲಿಲ್ಲಂದ್ರ ಹಳೇದನ್ನ ಕುದಿಯೋ ನೀರಾಗ ಕೆಲ ನಿಮಿಷ ಹಾಕಿ ಒಣಗಿಸಿದ್ರ ಅದು ಮುದುಡಿ ಸ್ವಲ್ಪ ದಿವಸ ನಡೀತೈತಿ, ಖಾಯಂ ಅಲ್ಲ. ಗಾಲಿ ಎರಡನ್ನೂ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಲೆ ಒರಸಿದೆ, ಮೊಬೈಲ್ ರಿಪೇರಿಯವರ ಹತ್ರ ಅದು ಸಣ್ಣ ಬಾಟಲಿಯಾಗ ಸಿಗತೈತಿ, ಬೆಲ್ಟ್ ಹಾಕಿದ ಮ್ಯಾಲೆ ಕೈಯಾಗಿನ ಎಣ್ಣಿ ಅದಕ್ಕ ತಾಗಬಾರದು.

ತಗಡು ಬಿಚ್ಚಿದ್ದಾಗ ಇನ್ನೊಂದು ಕೆಲಸ ಮಾಡೋದು ಮರೀಬ್ಯಾಡ್ರಿ. ಲೈಟ್‌ಸ್ಕ್ರೈಬ್ ಡಿಸ್ಕಿನ ನಡುವ, ತೂತಿನ ಸುತ್ತ, ಕಣ್ಣು ಸಣ್ಣ ಮಾಡಿ ನೋಡಿದ್ರ ಬಾರ್‌ಕೋಡಿನಂಥ ಕೂದಲೆಳಿ ಗೆರಿ ಕಾಣತಾವ. ಡಿಸ್ಕ್ ಎಷ್ಟು ತಿರುಗೇತಿ, ಈಗ ಯಾವ ಮೂಲಿಯೊಳಗೈತಿ, ಇದು ಯಾವ ನಮೂನಿ ಡಿಸ್ಕು ಅನ್ನೋದು ಡ್ರೈವಿಗೆ ಗೊತ್ತಾಗೋದು ಆ ಗೆರಿಯಿಂದ. ಅದನ್ನ ಓದಾಕಂತನ ಡಿಸ್ಕ್ ಕುಂದ್ರೋ ತಿರುಗಣಿ ಹತ್ರ ಬ್ಯಾರೆ ಒಂದು ಪುಟ್ಟ ಸೆನ್ಸರ್ ಇರತೈತಿ, ಸಾದಾ ಡ್ರೈವಿನಾಗ ಅದು ಇರಂಗಿಲ್ಲ. ನಮ್ಮ ಕಡೆ ಧೂಳು ಗೊತ್ತಲ್ರಿ, ಕೆಂಪ ಕರಿ ಎರಡೂ. ಆ ಸೆನ್ಸರ್ ಮ್ಯಾಲೆ ಧೂಳು ಕುಂತ್ರ ಹಾಡು ಛಲೋ ಓದತೈತಿ ಬರೀತೈತಿ, ಲೇಬಲ್ ಮಾಡಾಕ ಹೋದ್ರ ಮಾತ್ರ ಡಿಸ್ಕ್ ತಿರುವಿ ಹಾಕ್ರಿ ಅಂತ ಕೇಳತೈತಿ. ನನ್ನ ಡ್ರೈವ್ ಹಂಗ ಮಾಡತಿತ್ತು, ರಬ್ಬರ್ ಬ್ಲೋವರ್‌ಲೇ ಊದಿ ಒಣ ಹತ್ತಿ ಕಡ್ಡಿಲೆ ಹಗೂರಕ ಒರಸಿದ ಮ್ಯಾಲೆ ಕೇಳೋದು ಬಿಟ್ಟತು. ಲೆನ್ಸನ್ನೂ ಹಂಗ, ಒತ್ತಬಾರದು, ಅದು ತೆಳು ತಂತಿ ಮ್ಯಾಲೆ ತೇಲ್ತಿರತೈತಿ. ಮತ್ತ ತಗಡು ಬಿಚ್ಚಿದಾಗ ಕರೆಂಟ್ ಕೊಟ್ಟು ನೋಡೋ ಚಟ ಬ್ಯಾಡ, ಬರಿಯೋ ಇನ್‌ಫ್ರಾರೆಡ್ ಲೇಸರ್ ಕಣ್ಣಿಗೆ ಕಾಣಂಗಿಲ್ಲ ಆದ್ರ ಕಣ್ಣು ಸುಡತೈತಿ.

ಜೋಡಸೋದು ಸರಳ, ಸಾಟಾ ಕೇಬಲ್ ಎರಡು, ಒಂದು ಡಾಟಾಕ್ಕ, ಒಂದು ಕರೆಂಟಿಗೆ. ಲ್ಯಾಪ್‌ಟಾಪಿಗೆ ಹಚ್ಚೋರು ಯುಎಸ್‌ಬಿ ಕನ್ವರ್ಟರ್ ತಗೊಳ್ಳುವಾಗ ಸಂಗಟ 12 ವೋಲ್ಟ್ ಅಡಾಪ್ಟರ್ ಇರೋದನ್ನ ತಗೋಬೇಕು, ಬರೇ ಯುಎಸ್‌ಬಿ ಕರೆಂಟಿಗೆ ದೊಡ್ಡ ಡ್ರೈವ್ ತಿರುಗಂಗಿಲ್ಲ.

ಸಾಫ್ಟ್‌ವೇರ್ ವಿಷಯ ಸ್ವಲ್ಪ ತ್ರಾಸ. ಎಚ್‌ಪಿ ಈ ಕೆಲಸ ಕೈಬಿಟ್ಟು ಭಾಳ ವರ್ಷ ಆತು, ಲೈಟ್‌ಸ್ಕ್ರೈಬಿನ ಅಧಿಕೃತ ಸೈಟೂ ಬಂದ್ ಆಗೇತಿ. ಬೇಕಾಗೋದು ಎರಡು, ಒಂದು ಸಿಸ್ಟಮ್ ಸಾಫ್ಟ್‌ವೇರ್, ಇನ್ನೊಂದು ಲೇಬಲ್ ಮಾಡೋ ಪ್ರೋಗ್ರಾಮ್. ಹಳೇ ಡ್ರೈವ್ ಸಂಗಟ ಬಂದಿದ್ದ ಸಿಡಿ ಯಾರ ಹತ್ರರ ಇದ್ರ ಅದರಾಗ ಎರಡೂ ಇರತಾವ, ಅದನ್ನ ಹುಡುಕೋದು ಎಲ್ಲಾಕಿಂತ ಛಲೋ. ನಾನು ವಿಂಡೋಸ್ 7 ಇರೋ ಹಳೇ ಕಂಪ್ಯೂಟರ್ ಒಂದನ್ನ ಇದಕ್ಕಂತನ ಇಟ್ಟೇನಿ, ಇಂಟರ್ನೆಟ್ ಕೊಟ್ಟಿಲ್ಲ. ಲಿನಕ್ಸ್‌ನಾಗೂ ಆಗತೈತಿ, ಎಚ್‌ಪಿಯವರ ಲಿನಕ್ಸ್ ಪ್ಯಾಕೇಜ್ ಮತ್ತ ಲಾಸಿ ಕಂಪನಿಯವರ ಲೇಬಲರ್ ಇದ್ದವು, ಆದ್ರ ಅವು 32 ಬಿಟ್ ಕಾಲದವು, 64 ಬಿಟ್ ಸಿಸ್ಟಮ್‌ನಾಗ 32 ಬಿಟ್ ಲೈಬ್ರರಿ ಹಾಕ್ಕೊಂಡು ರೂಟ್ ಆಗಿ, ಅಂದ್ರ ಅಡ್ಮಿನ್ ಹಕ್ಕಿಲೆ, ನಡಸಬೇಕು.

ಪ್ರೋಗ್ರಾಮಿನೊಳಗ ನೇರ ಕನ್ನಡ ಟೈಪ್ ಮಾಡೋದು ಬಿಡ್ರಿ. ಒತ್ತಕ್ಷರ ಎಲ್ಲಿ ಕುಂದ್ರತಾವೋ ದೇವರಿಗೇ ಗೊತ್ತು. ಇಂಕ್‌ಸ್ಕೇಪ್ ಇಲ್ಲಾ ಗಿಂಪ್ ಅನ್ನೋ ಚಿತ್ರ ಮಾಡೋ ಪ್ರೋಗ್ರಾಮಿನಾಗ 120 ಮಿಲಿಮೀಟರ್ ವ್ಯಾಸದ ವೃತ್ತ, ನಡುವ 15 ಮಿಲಿಮೀಟರ್ ತೂತು ತಗದು, ತೂತಿನ ಸುತ್ತ ಇನ್ನೂ ಅಗಲ ಜಾಗ ಖಾಲಿ ಬಿಟ್ಟು, ಯಾಕಂದ್ರ ಅಲ್ಲಿ ಲೇಪ ಇರಂಗಿಲ್ಲ, ಎಲ್ಲಾ ಅಕ್ಷರ ಅಲ್ಲೇ ಜೋಡಿಸಿ ಚಿತ್ರ ಮಾಡಿ ಆಮ್ಯಾಲ ಲೇಬಲರ್‌ಗೆ ಕೊಡೋದು. ಚಿತ್ರ ಆದ ಮ್ಯಾಲೆ ಅಕ್ಷರ ಒಡೆಯೋ ಪ್ರಶ್ನೇನ ಇಲ್ಲ. ಫಾಂಟ್ ಯೂನಿಕೋಡ್ ಇರಲಿ, ಹಳೇ ನುಡಿ ಫೈಲಿಂದ ಕಾಪಿ ಮಾಡಿದ್ರ ಇಲ್ಲಿ ಇಂಗ್ಲಿಷ್ ಕಸ ಬೀಳತೈತಿ, ಮೊದಲ ಕನ್ವರ್ಟ್ ಮಾಡ್ಕೋರಿ. ನಾನು ನೋಟೋ ಸಾನ್ಸ್ ಕನ್ನಡ ಬೋಲ್ಡ್ ಹಾಕೀನಿ. ತೆಳು ಅಕ್ಷರ ಸ್ಕ್ರೀನ್ ಮ್ಯಾಲೆ ಚಂದ, ಡಿಸ್ಕ್ ಮ್ಯಾಲೆ ತಲಕಟ್ಟು ಮಾಸಿ ಹೋಗತೈತಿ, ದೊಡ್ಡವ್ವನ ಕಣ್ಣಿಗೆ ಅದು ಕಾಣಂಗಿಲ್ಲ.

ಈಗ ಎಲ್ಲಾರೂ ತಿಳ್ಕೋಬೇಕಾದ ಒಂದು ಮಾತು. ಲೇಸರ್ ಒಳಗಿಂದ ಹೊರಗ ಸುತ್ತು ಸುತ್ತಾಗಿ ಬರಕೊಂತ ಹೋಗತೈತಿ, ಕುಂಬಾರನ ತಿಗರಿ ಮ್ಯಾಲೆ ಬೆರಳಿಟ್ಟು ಹಗೂರಕ ಹೊರಗ ಸರಿಸಿದಂಗ. ಹಂಗಾಗಿ ಎಷ್ಟು ಕಪ್ಪು ಬರಿಯೋದೈತಿ ಅನ್ನೋದರ ಮ್ಯಾಲೆ ಟೈಮ್ ಇಲ್ಲ, ಎಷ್ಟು ಸುತ್ತು ದಾಟಬೇಕು ಅನ್ನೋದರ ಮ್ಯಾಲೆ ಐತಿ. ಒಂದ ಸಾಲು ಹೆಸರನ್ನ ಡಿಸ್ಕಿಗೆ ಅಡ್ಡ ಬರದ್ರ ಅದು ಒಳ ಅಂಚಿಂದ ಹೊರ ಅಂಚಿನತನಕ ಎಲ್ಲಾ ಸುತ್ತೂ ಮುಟ್ಟತೈತಿ, ಪೂರಾ ಟೈಮ್ ಹಿಡೀತೈತಿ. ಅದ ಹೆಸರನ್ನ ತೂತಿನ ಸುತ್ತ ಕಮಾನಿನಂಗ ಬಗ್ಗಿಸಿ ಕಿರಿದಾದ ಪಟ್ಟಿಯೊಳಗ ಇಟ್ರ ಕೆಲ ನಿಮಿಷದಾಗ ಮುಗೀತೈತಿ. ಪ್ರೋಗ್ರಾಮಿನಾಗ ಟೈಟಲ್, ಕಂಟೆಂಟ್, ಫುಲ್ ಅಂತ ಮೂರು ನಮೂನಿ ಇರೋದು ಇದಕ್ಕ. ಡ್ರಾಫ್ಟ್, ನಾರ್ಮಲ್, ಬೆಸ್ಟ್ ಅಂತ ಬ್ಯಾರೆ ಮೂರು ಅದಾವ, ಅವು ಕಪ್ಪು ಎಷ್ಟು ಗಾಢ ಅನ್ನೋದಕ್ಕ. ಫುಲ್ ಮತ್ತ ಬೆಸ್ಟ್ ಎರಡೂ ಕೂಡಿದ್ರ ಅರ್ಧ ತಾಸಿನ ಸುಮಾರು.

ನಾನು ಮಾಡಿದ್ದು ಹಿಂಗ. ಒಳಗಿನ ಪಟ್ಟಿಯೊಳಗ ಕಮಾನಿನಂಗ ಊರು, ವರ್ಷ, ಹಾಡಿನ ನಮೂನಿ. ಅದರ ಹೊರಗ ಹಾಡಿದವರ ಹೆಸರು. ಅಜ್ಜಿ ಇದ್ದ ಎರಡು ಡಿಸ್ಕಿಗೆ ಮಾತ್ರ ಫೋಟೋ ಹಾಕೀನಿ. ಫೋಟೋ ಹಾಕೋವಾಗ ಇದ್ದಂಗ ಕೊಟ್ರ ಎಲ್ಲಾ ಮಬ್ಬು ಬರತೈತಿ, ಗಿಂಪ್‌ನಾಗ ಕಪ್ಪು ಇನ್ನೂ ಕಪ್ಪು, ಬಿಳಿ ಇನ್ನೂ ಬಿಳಿ ಮಾಡಿ ನಡುವಿನ ಬೂದಿ ಬಣ್ಣ ಕಡಿಮಿ ಮಾಡಬೇಕು. ಮೊದಲ ಸಲ ಬರದಾಗ ಅಜ್ಜಿ ಮಾರಿ ಬಂತು, ಮೂಗಿನ ನತ್ತು ಬರಲಿಲ್ಲ. ಡಿಸ್ಕ್ ತಗದು ನೋಡಿ, ತಿರುಗಿ ಹಾಕಿ, ಅದ ಚಿತ್ರ ಇನ್ನೊಮ್ಮೆ ಬರಸಿದೆ, ನತ್ತಿನ ಮೂರೂ ಹರಳು ಬಿಡಿ ಬಿಡಿಯಾಗಿ ಕಂಡವು. ಎರಡನೇ ಸಲ ಅದ ಜಾಗದಾಗ ಕೂದಲಷ್ಟೂ ಸರೀದ ಕುಂದ್ರೋದು ಆ ನಡುವಿನ ಗೆರಿಯ ಪುಣ್ಯಾ. ಇದರಿಂದ ಇನ್ನೊಂದು ಲಾಭ ಐತಿ, ಬರಿಯೋವಾಗ ಕರೆಂಟ್ ಹೋದ್ರ ಡಿಸ್ಕ್ ಕೆಡಂಗಿಲ್ಲ, ಕರೆಂಟ್ ಬಂದ ಮ್ಯಾಲೆ ಅದ ಚಿತ್ರ ಮತ್ತ ಕೊಟ್ರ ಮ್ಯಾಲಿಂದ ಮ್ಯಾಲೆ ಬರೀತೈತಿ, ಮೊದಲಿನ ಭಾಗ ಮಾತ್ರ ಜರಾ ಗಾಢ ಆಗತೈತಿ. ಹಾಡು ಬರಿಯೋವಾಗ ಕರೆಂಟ್ ಹೋದ್ರ ಮಾತ್ರ ಡಿಸ್ಕ್ ಹೋದಂಗ, ಅದಕ್ಕ ಯುಪಿಎಸ್ ಇರಲಿ.

ಕ್ರಮ ತಪ್ಪಬಾರದು: ಮೊದಲ ಹಾಡು ಬರಿಯೋದು, ವೆರಿಫೈ ಮಾಡೋದು, ಒಂದ್ಸಲ ಬ್ಯಾರೆ ಪ್ಲೇಯರಿನಾಗ ಹಚ್ಚಿ ಕೇಳೋದು, ಆಮ್ಯಾಲ ಲೇಬಲ್. ಹಳೇ ಸ್ಟಾಕ್ ಡಿಸ್ಕ್ ಅದಾವ ಇವು, ಹೊಸಾವು ಈಗ ತಯಾರಾಗಂಗಿಲ್ಲ, ಒಂದೊಂದು ಕೆಟ್ಟಿರತಾವ, ಅರ್ಧ ತಾಸು ಲೇಬಲ್ ಮಾಡಿದ ಮ್ಯಾಲೆ ಅದು ಗೊತ್ತಾಗೋದು ಬ್ಯಾಡ. ಆಡಿಯೋ ಸಿಡಿಯಾಗ 80 ನಿಮಿಷ ಹಿಡೀತೈತಿ, ಹಂಗಾಗಿ 60 ನಿಮಿಷದ ಕ್ಯಾಸೆಟ್ ಒಂದಕ್ಕ ಒಂದು, 90 ನಿಮಿಷದ್ದಕ್ಕ ಎರಡು ಡಿಸ್ಕ್, ಆಗ ಲೇಬಲ್ ಮ್ಯಾಲೆ ಎರಡರಾಗ ಒಂದನೇದು, ಎರಡನೇದು ಅಂತ ಬರೀಲೇಬೇಕು.

ಹೆಸರು ಕೂಡಿಸೋದು ರಿಪೇರಿಕಿಂತ ದೊಡ್ಡ ಕೆಲಸ ಆತು. ಕ್ಯಾಸೆಟ್ ಡಬ್ಬಿ ಮ್ಯಾಲೆ ಕಾಕಾ ಬರದಿದ್ದು ಮುಂದ ಹಾಡಿದಾಕಿ ಹೆಸರಷ್ಟ, ಸೊಲ್ಲು ಹಿಡದವರದ್ದು, ಅಂದ್ರ ಆಕಿ ಹಿಂದ ದನಿಗೂಡಿಸಿದವರದ್ದು, ಇರಲಿಲ್ಲ. ಸೋಬಾನದಾಗ ಸೊಲ್ಲು ಹಿಡಿಯೋರು ಇಲ್ಲಂದ್ರ ಹಾಡ ಇಲ್ಲ. ಕಾಕಾನ ಕೂಡಿಸ್ಕೊಂಡು ಹೆಡ್‌ಫೋನ್ ಹಾಕಿ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿ, "ತಡಿ ತಡಿ, ಹಿಂದ ಹಾಕು. ಆ ಕಡೀ ಸಾಲು ಎಳೀತಾಳ ನೋಡು, ಆಕಿ ನಿಮ್ಮ ಚಿಗವ್ವ. ಮದುವಿಯಾಗಿ ಬಂದ ಹೊಸದಾಗಿ ಹಾಡಿದ್ದು, ಆಕಿ ಹೆಸರು ಬಿಡಬ್ಯಾಡ" ಅಂದ್ರು. ಹಂಗ ಒಬ್ಬೊಬ್ಬರದ್ದ ಧ್ವನಿ ಹಿಡದು ಹೇಳಿದ್ರು, ಗೊತ್ತಾಗದ ಇಬ್ಬರಿಗೆ ಊರಿಗೆ ಫೋನ್ ಹಚ್ಚಿ ದೊಡ್ಡವ್ವಗ ಫೋನಿನಾಗ ಹಾಡು ಕೇಳಿಸಿ ಹೆಸರು ತಗೊಂಡ್ವಿ. ಹೆಸರು ಕೂಡಿದಂಗ ಚಿತ್ರ ತಿದ್ದಬೇಕು, ಡಿಸ್ಕ್ ಬರದ ಮ್ಯಾಲೆ ಸಿಕ್ಕ ಹೆಸರನ್ನೂ ಖಾಲಿ ಜಾಗದಾಗ ಆಮ್ಯಾಲ ಸೇರಿಸಬಹುದು, ಬರೇ ಆ ಹೆಸರಷ್ಟ ಇರೋ ಚಿತ್ರ ಕೊಟ್ರ ಸಾಕು. ಚಿಗವ್ವನ ಹೆಸರು ಒಂದು ಡಿಸ್ಕಿಗೆ ಹಂಗ ಆಮ್ಯಾಲ ಕೂಡೇತಿ, ನೋಡಿದ್ರ ಗೊತ್ತಾಗಂಗಿಲ್ಲ.

ಈ ಲೇಬಲಿಗೆ ವೈರಿ ಅಂದ್ರ ಬೆಳಕು. ಬಿಸಿಲಾಗ ಬಿಟ್ರ ಅಕ್ಷರ ಮಾಸತೈತಿ, ಕಾರಿನ ಡ್ಯಾಶ್‌ಬೋರ್ಡ್ ಮ್ಯಾಲೆ, ಕಿಟಕಿ ಮುಂದ ಇಡಲೇಬಾರದು. ಬಗ್ಗೋ ಪಿವಿಸಿ ಪ್ಲಾಸ್ಟಿಕ್ ಚೀಲಾನೂ ಬ್ಯಾಡ, ಅದರಾಗಿನ ಕೆಮಿಕಲ್ ಲೇಪಕ್ಕ ಹತ್ತತೈತಿ, ಗಟ್ಟಿ ಡಬ್ಬಿ ಇಲ್ಲಾ ಕಾಗದದ ಕವರ್ ಛಲೋ. ಎಣ್ಣಿ ಕೈ, ಅರಿಷಿಣದ ಕೈ ಲೇಬಲ್ ಮ್ಯಾಲೆ ಆಡಬಾರದು, ಅಂಚು ಹಿಡದು ಎತ್ತಬೇಕು. ಇದನ್ನ ಒಂದು ಚೀಟಿಯೊಳಗ ಬರದು ಪ್ರತಿ ಡಬ್ಬಿಯೊಳಗ ಇಟ್ಟೇನಿ. ಮತ್ತ ಲೇಸರ್ ಅಕ್ಷರ ಒಂದ ನಂಬಿ ಕುಂತಿಲ್ಲ, ತೂತಿನ ಸುತ್ತ ಲೇಪ ಇಲ್ಲದ ಜಾಗದಾಗ ಗೆರಿಯ ಪಟ್ಟಿ ಬಿಟ್ಟು ಸಿಡಿ ಮಾರ್ಕರಿಲೆ ಒಂದು ನಂಬರ್ ಹಾಕೀನಿ, ಅದ ನಂಬರ್ ಮನ್ಯಾಗಿನ ನೋಟ್‌ಬುಕ್ಕಿನಾಗ ಪೂರಾ ಹೆಸರಿನ ಸಂಗಟ ಐತಿ. ಗೆರಿ ಮ್ಯಾಲೆ ಮಾತ್ರ ಮಾರ್ಕರ್ ಹೋಗಬಾರದು, ಹೋದ್ರ ಡ್ರೈವ್ ಆ ಡಿಸ್ಕನ್ನ ಗುರುತ ಹಿಡಿಯಂಗಿಲ್ಲ.

ಲೈಟ್‌ಸ್ಕ್ರೈಬ್ ಸಿಗದ ಊರಾಗ ಇರೋರು ಬ್ಯಾರೆ ದಾರಿ ನೋಡಬಹುದು. ಯಮಹಾದವರು 2002ರಾಗ ತಂದ ಸಿಆರ್‌ಡಬ್ಲ್ಯೂ-ಎಫ್1 ಡ್ರೈವ್ ಹಾಡು ಬರದು ಉಳಿದ ಜಾಗದಾಗ, ಹೊಳಿಯೋ ಕಡೇನ, ಚಿತ್ರ ಬರೀತಿತ್ತು, ಆಮ್ಯಾಲ ಫ್ಯೂಜಿ ಸಂಗಟ ಕೂಡಿ ಲೇಬಲ್‌ಫ್ಲಾಶ್ ಅಂತ ತಂದ್ರು, ಅದರ ಡಿಸ್ಕ್ ಇದಕ್ಕ ನಡಿಯಂಗಿಲ್ಲ, ಇದರದ್ದು ಅದಕ್ಕ ನಡಿಯಂಗಿಲ್ಲ, ಎರಡೂ ಈಗ ಸಿಗೋದು ಇನ್ನೂ ಕಷ್ಟ. ಸರಳ ಅಂದ್ರ ಬಿಳಿ ಮುಖದ ಪ್ರಿಂಟೆಬಲ್ ಡಿಸ್ಕ್ ತಗೊಂಡು ಎಪ್ಸನ್ ಎಲ್805 ಥರದ, ಡಿಸ್ಕ್ ಟ್ರೇ ಇರೋ ಪ್ರಿಂಟರಿನಾಗ ಹೊಡಿಸೋದು, ಬಣ್ಣಾನೂ ಬರತೈತಿ, ಫೋಟೋ ಸ್ಟುಡಿಯೋದವರ ಹತ್ರ ಇಂಥ ಪ್ರಿಂಟರ್ ಇದ್ರ ಕೇಳಿ ನೋಡ್ರಿ. ಅಕ್ಷರದ ಮ್ಯಾಲೆ ನೀರು ಬೀಳದಂಗ ಮಾತ್ರ ಕಾಯಬೇಕು.

ನನ್ನ ಹತ್ರ ಇರೋ ಖಾಲಿ ಡಿಸ್ಕ್ ಹಂತಿ ಪದಕ್ಕ ಸಾಲಂಗಿಲ್ಲ. ಹುಬ್ಬಳ್ಳಿ, ಧಾರವಾಡ, ಗದಗ ಕಡೆ ಯಾರ ಕಪಾಟಿನಾಗರ ಲೈಟ್‌ಸ್ಕ್ರೈಬ್ ಚಿಹ್ನಿ ಇರೋ ಒಡೆಯದ ಡಿಸ್ಕ್ ಪಾಕೀಟು ಬಿದ್ದಿದ್ರ ಗುಜರಿಗೆ ಹಾಕಬ್ಯಾಡ್ರಿ, ಹೇಳ್ರಿ, ರೊಕ್ಕಾ ಕೊಟ್ಟು ತಗೊಂತೇನಿ. ಡ್ರೈವಿನ ಟ್ರೇ ಸಿಕ್ಕೊಂಡು ಸುಮ್ಮನ ಇಟ್ಟೋರು ಇದ್ರ ಅದನ್ನೂ ತರ್ರಿ, ಚೌಕ ಬೆಲ್ಟ್ ಇನ್ನೂ ನಾಲ್ಕು ತಂದಿಟ್ಟೇನಿ, ಕೂಡೇ ಹಾಕೋಣು.